ಮಲ್ಲಿಯ ಕಣ್ಣಿನ ಎಳೆಗಳು

ಬಾಗಲಗುಂಟೆಯಲ್ಲಿ ದೇವರಾಜ್ ಮನೆ ಎಲ್ಲಿ ಅಂತ ಕೇಳಿದರೆ ಯಾವ ದೇವರಾಜ್ ಅಂತ ತಿರುಗಿ ಕೇಳುತ್ತಾರೆ. ಗ್ಯಾಸ್ ದೇವರಾಜ್ ಇದ್ದಾನೆ, ಪೈಂಟ್ ದೇವರಾಜ್ ಇದ್ದಾನೆ, ಮಾರಮ್ಮನ ಗುಡಿ ಪಕ್ಕದ ಕುಳ್ಳ ದೇವರಾಜ್ ಇದ್ದಾನೆ. ನಾಯಿ ದೇವರಾಜ್ ಅಂದರೆ ಮಾತ್ರ ಯಾರು ಬೇಕಾದರೂ ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಹಗಲೆಲ್ಲ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವ ಈ ಮನುಷ್ಯ, ಮನೆ ಸೇರಿದ ಮೇಲೆ ಬೆಳ್ಳಗಿನ, ಸುರುಳಿ ಬಾಲದ ಪಾಮೇರಿಯನ್ ನಾಯಿಗಳಿಗೆ ತಂದೆ, ಸೂಲಗಿತ್ತಿ, ಪುರೋಹಿತ ಎಲ್ಲವೂ ಆಗಿಬಿಡುತ್ತಾನೆ.

ಪುರೋಹಿತ ಅಂದದ್ದು ಸುಮ್ಮನೆ ಅಲ್ಲ. ಅವನ ಮನೆಯಲ್ಲಿ ನಾಯಿಗಳಿಗೂ ಸಂಬಂಧ ನೋಡಿಯೇ ಜೋಡಿ ಮಾಡುವುದು. ಮದುವೆಯಾದ ಹೊಸದರಲ್ಲಿ ವರ್ಕ್‌ಶಾಪಿನ ಓನರ್ ಹೆಂಡತಿ, ಹೊಟ್ಟೆಯಲ್ಲಿ ಮರಿ ಹೊತ್ತಿದ್ದ ಗೌರಿ ಎಂಬ ಹೆಣ್ಣುನಾಯಿಯನ್ನೂ ಅದರ ತಮ್ಮನನ್ನೂ ಅವನಿಗೆ ಸಾಕಲು ಕೊಟ್ಟಿದ್ದರು. ಅಲ್ಲಿಂದ ಇಲ್ಲಿಯವರೆಗೆ ಹೊರಗಿನ ಗಂಡುನಾಯಿಯ ನೆರಳೂ ತನ್ನ ನಾಯಿಗಳ ಮೇಲೆ ಬೀಳಲು ಅವನು ಬಿಟ್ಟವನಲ್ಲ. ಹೆಣ್ಣುಮರಿ ದೊಡ್ಡದಾದರೆ ಮೊದಲ ಹಕ್ಕು ಅದರ ಅಮ್ಮನ ತಮ್ಮನದು. ತಮ್ಮ ಇಲ್ಲದಿದ್ದರೆ ಅಮ್ಮನ ಅಣ್ಣನ ಮಗ. ಯಾರಾದರೂ ನಕ್ಕರೆ, "ಯಾಕ್ ನಗ್ತೀಯ ಗುರು, ನಮ್ಮನೇಲಿ ಮನುಷ್ರಿಗೂ ಹಿಂಗೇನೇ. ರಕ್ತ ಕಲಬೆರಕೆ ಆಗ್ಬಾರ್ದು" ಅನ್ನುತ್ತಿದ್ದ. ಹೇಳುವಾಗ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು.

ಮನುಷ್ಯರಿಗೂ ಹಾಗೇ ಎನ್ನುವುದು ಸುಳ್ಳಲ್ಲ. ದೇವರಾಜನ ಹೆಂಡತಿ ಮಹಾಲಕ್ಷ್ಮಿ ಅವನ ಸ್ವಂತ ಅಕ್ಕ ಮುನಿಯಕ್ಕನ ಮಗಳು. ಮದುವೆಯಾಗಿ ಮಗಳು ಬೆಳೆದು ನಿಂತರೂ ಅವಳ ಬಾಯಲ್ಲಿ ಅವನು ಇವತ್ತಿಗೂ ಮಾವನೇ. ಈಗ ಅವರ ಒಬ್ಬಳೇ ಮಗಳು ಆಶಾರಾಣಿಯನ್ನು ಮಹಾಲಕ್ಷ್ಮಿಯ ತಮ್ಮ ಅಂಬರೀಶನಿಗೆ ಕೊಡುವುದು ಎಂದು ಮಾತಾಗಿತ್ತು. ಆಶಾರಾಣಿಗೆ ಮುನಿಯಕ್ಕ ಅಜ್ಜಿಯೂ ಹೌದು, ಅಪ್ಪನ ಅಕ್ಕನಾದ್ದರಿಂದ ಸೋದರತ್ತೆಯೂ ಹೌದು. ಇನ್ನು ಗಂಡನ ತಾಯಿ ಆಗುವುದೊಂದು ಬಾಕಿ ಇತ್ತು. ಬರುವ ಭಾನುವಾರ ದೊಡ್ಡನೆಕ್ಕುಂದಿಯಿಂದ ಮುನಿಯಕ್ಕ ತಾಂಬೂಲದ ತಟ್ಟೆ ಹಿಡಿದು ಬಂದರೆ ಅದೂ ಗಟ್ಟಿಯಾದ ಹಾಗೆ.

ಆ ವಾರವೇ ಮಲ್ಲಿ ಒರಳುಕಲ್ಲಿಗೆ ಮುಖ ಹೊಡೆದುಕೊಂಡಿತು.

ಮಲ್ಲಿ ಗೌರಿಯ ವಂಶದ ಕೊನೆಯ ಹೆಣ್ಣು, ದೇವರಾಜನ ಕಣ್ಮಣಿ. ಅದರ ಕಣ್ಣು ಬೇರೆ ನಾಯಿಗಳ ಕಣ್ಣಿಗಿಂತ ಹೆಚ್ಚು ಹೊಳೆಯುತ್ತಿತ್ತು. ಸಂಜೆ ಗೇಟಿನ ಹತ್ತಿರ ಬೈಕಿನ ಬೆಳಕು ಬಿದ್ದರೆ ಎರಡು ಹಸಿರು ದೀಪ ಹಚ್ಚಿಟ್ಟಂತೆ ಕಾಣುವುದನ್ನು ಅವನು ಬಂದವರಿಗೆಲ್ಲ ತೋರಿಸುತ್ತಿದ್ದ. ಇತ್ತೀಚೆಗೆ ಹೊತ್ತು ಮುಳುಗಿದರೆ ಅದು ಮೆಟ್ಟಿಲಿಳಿಯಲು ಒಲ್ಲೆ ಅನ್ನುತ್ತಿತ್ತು. ಕೊಬ್ಬು ಅಂದುಕೊಂಡ. ಒರಳಿಗೆ ಗುದ್ದಿಕೊಂಡು ಮೂಗಿನಲ್ಲಿ ರಕ್ತ ಬಂದ ಮೇಲೆ ವರ್ಕ್‌ಶಾಪಿಗೆ ಅರ್ಧ ದಿನ ರಜೆ ಹೇಳಿ, ಅದನ್ನು ಬೈಕಿನ ಮುಂದೆ ಕೂರಿಸಿಕೊಂಡು ದಾಸರಹಳ್ಳಿ ಕಡೆಯ ಸಿದ್ದಲಿಂಗಯ್ಯ ಡಾಕ್ಟರ ಹತ್ತಿರ ಹೋದ.

ಸಿದ್ದಲಿಂಗಯ್ಯ ಸರ್ಕಾರಿ ಪಶುವೈದ್ಯರಾಗಿದ್ದು ನಿವೃತ್ತರಾದವರು. ಅವರಿಗೆ ಒಂದು ಹುಚ್ಚು. ಕೈಗೆ ಸಿಕ್ಕ ಪ್ರಾಣಿಯ ಕಣ್ಣಿನೊಳಗೆಲ್ಲ ಇಣುಕಿ ನೋಡಿ ಫೋಟೊ ತೆಗೆಯುವುದು. ಅವರ ಕ್ಲಿನಿಕ್ಕಿನ ಗೋಡೆ ತುಂಬ ಕಿತ್ತಳೆ, ಹಸಿರು ಬಣ್ಣದ ದುಂಡನೆಯ ಚಿತ್ರಗಳು, ಅದರ ಮೇಲೆ ಕೆಂಪು ಎಳೆಗಳು. ಮಲ್ಲಿಯ ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾಗುವ ತನಕ ಕಾಯಬೇಕಿತ್ತಲ್ಲ, ಆ ಹೊತ್ತಿನಲ್ಲಿ ಅವರು ದೇವರಾಜನಿಗೆ ಗೋಡೆಯ ದರ್ಶನ ಮಾಡಿಸಿದರು.

"ಇವೆಲ್ಲ ಕಣ್ಣಿನ ಹಿಂಗೋಡೆ ಕಣ್ರೀ, ಬೆಳಕು ಬಂದು ಬೀಳೋ ಪರದೆ. ಇದು ಹಸುದು. ನೋಡಿ, ದಪ್ಪ ರಕ್ತನಾಳಕ್ಕೆ ಸಣ್ಣದು ಬಳ್ಳಿ ತರ ಸುತ್ಕೊಂಡಿದೆ. ಇದು ಕುದುರೆದು. ನರ ಬಂದು ಸೇರೋ ಜಾಗದ ಸುತ್ತ ಒಂದಿಷ್ಟು ಎಳೆ ಬಿಟ್ರೆ ಮಿಕ್ಕಿದ್ದೆಲ್ಲ ಖಾಲಿ. ಮೊಲಕ್ಕೆ ಎರಡು ಪಕ್ಕಕ್ಕೆ ಮಾತ್ರ ಹೋಗಿರುತ್ತೆ. ಕೋಳಿಗೆ ಈ ಪರದೆ ಮೇಲೆ ರಕ್ತನಾಳನೇ ಇಲ್ಲ. ನಾಯಿ ಬೆಕ್ಕಿಗೆ ನಮ್ಮ ತರಾನೇ, ಪೂರ್ತಿ ಹರಡಿರುತ್ತೆ. ಅದರಲ್ಲೂ ಒಂದರದು ಇನ್ನೊಂದಕ್ಕಿಲ್ಲ, ಹೆಬ್ಬೆಟ್ಟಿನ ಗೆರೆ ಇದ್ದ ಹಾಗೆ."

ದೇವರಾಜ್ ತಲೆಯಾಡಿಸಿದ. ಅವನಿಗೆ ಕುದುರೆ ಕಟ್ಟಿಕೊಂಡು ಆಗಬೇಕಾದ್ದೇನೂ ಇರಲಿಲ್ಲ. ಅವನ ಕೈ ಮಲ್ಲಿಯ ಕತ್ತಿನ ಮೇಲೇ ಇತ್ತು.

ಆಮೇಲೆ ಡಾಕ್ಟರು ಕೋಣೆಯ ದೀಪ ಆರಿಸಿ, ಮಲ್ಲಿಯ ಕಣ್ಣಿಗೆ ಕ್ಯಾಮೆರಾ ಹಿಡಿದು ಬಹಳ ಹೊತ್ತು ನೋಡಿದರು. ದೀಪ ಹಾಕಿದ ಮೇಲೆ ಕಂಪ್ಯೂಟರಿನ ಮೇಲೆ ಎರಡು ಚಿತ್ರ ಅಕ್ಕಪಕ್ಕ ಇಟ್ಟರು. ಒಂದು ಯಾವುದೋ ಆರೋಗ್ಯವಂತ ನಾಯಿಯದು. ನಡುವಿನ ಬಿಳಿ ಬಿಂದುವಿನಿಂದ ದಪ್ಪ ಕೆಂಪು ನಾಳಗಳು ಕವಲೊಡೆದು ಅಂಚಿನವರೆಗೆ ಹೋಗಿದ್ದವು. ಇನ್ನೊಂದು ಮಲ್ಲಿಯದು. ಬಿಂದು ಬಿಳಿಚಿತ್ತು. ನಾಳಗಳು ಕೂದಲೆಳೆಯಾಗಿ, ಅರ್ಧ ದಾರಿಯಲ್ಲೇ ಮಾಯವಾಗಿದ್ದವು. ಹಿಂದಿನ ಹಸಿರು ಮಾತ್ರ ಕನ್ನಡಿಯಂತೆ ಫಳಫಳ ಅನ್ನುತ್ತಿತ್ತು. ದಿನವಿಡೀ ಕಬ್ಬಿಣ ತಿರುವಿ ದಪ್ಪ ಸಣ್ಣ ನೋಡುವವನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

"ಪರದೆ ಸವೆದು ಹೋಗ್ತಿದೆ. ಸವೆದಾಗ ರಕ್ತನಾಳ ಹಿಂಗೆ ಬತ್ತುತ್ತೆ. ಕಣ್ಣು ಜಾಸ್ತಿ ಹೊಳೀತಿತ್ತು ಅಂದ್ರಲ್ಲ, ಅದೂ ಇದಕ್ಕೇ. ಮುಂದಿನ ಪರದೆ ತೆಳ್ಳಗಾದ್ರೆ ಹಿಂದಿನ ಹೊಳಪು ಎದ್ದು ಕಾಣುತ್ತೆ" ಎಂದರು ಸಿದ್ದಲಿಂಗಯ್ಯ. "ಔಷಧ ಇಲ್ಲ. ಮೊದಲು ಮಬ್ಬುಗತ್ತಲಲ್ಲಿ ಕಾಣಲ್ಲ. ಬರ್ತಾ ಬರ್ತಾ ಹಗಲೂ ಹೋಗುತ್ತೆ."

ಬೇಕಿದ್ದರೆ ನೋಡಿ ಎಂದು ಕ್ಲಿನಿಕ್ಕಿನ ಓಣಿಯಲ್ಲಿ ಒಂದು ಬಕೆಟ್ಟು, ಒಂದು ಸ್ಟೂಲು ಅಡ್ಡ ಇಟ್ಟು ಪರದೆ ಎಳೆದು ಮಬ್ಬು ಮಾಡಿದರು. ದೇವರಾಜ್ ಆ ತುದಿಯಲ್ಲಿ ನಿಂತು ಕರೆದ. ಮಲ್ಲಿ ಬಾಲ ಅಲ್ಲಾಡಿಸಿಕೊಂಡು ಅವನ ದನಿಯ ಕಡೆ ಓಡಿ ಬಂದು ಬಕೆಟ್ಟಿಗೆ ಗುದ್ದಿತು. ಎದ್ದು ಮತ್ತೆ ಬಂದು ಸ್ಟೂಲಿಗೆ ಗುದ್ದಿತು. ದೀಪ ಹಾಕಿದ ಮೇಲೆ ಎರಡನ್ನೂ ಬಳಸಿಕೊಂಡು ನೆಟ್ಟಗೆ ಬಂತು.

"ಇದರ ಅಪ್ಪ ಯಾವುದು?" ಡಾಕ್ಟರು ಕೇಳಿದರು.

"ಇದರ ಅಮ್ಮನ ತಮ್ಮ ಸಾರ್. ಆ ಅಮ್ಮನ ಅಪ್ಪನೂ ಹಂಗೇ, ಅದರ ಅಮ್ಮನ ತಮ್ಮ. ನಮ್ಮಲ್ಲಿ ಹೊರಗಡೆದು ಸೇರ್ಸಲ್ಲ." ಅಭ್ಯಾಸ ಬಲದಿಂದ ದೇವರಾಜನ ಎದೆ ಒಂದಿಷ್ಟು ಮುಂದೆ ಬಂತು.

ಸಿದ್ದಲಿಂಗಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದೇ ಆಗಿರೋದು ದೇವರಾಜ್. ಇದು ಹುಟ್ಟಿನಿಂದ ಬರೋದು. ಅಪ್ಪಂದೂ ಅಮ್ಮಂದೂ ಎರಡೂ ಕಡೆಯಿಂದ ಬಂದ್ರೇನೇ ಮರಿಗೆ ಕಾಣಿಸ್ಕೊಳ್ಳುತ್ತೆ. ಒಂದೇ ಕಡೆಯಿಂದ ಬಂದ್ರೆ ಒಳಗೇ ಇರುತ್ತೆ, ಗೊತ್ತೇ ಆಗಲ್ಲ. ಒಂದೇ ಮನೆತನದಲ್ಲಿ ಸುತ್ತಿಸಿದ್ರೆ ಎರಡೂ ಕಡೆ ಕೂಡೋ ಸಂಭವ ಜಾಸ್ತಿ."

ದೇವರಾಜನಿಗೆ ತನ್ನ ಮನೆಯ ಮರಿ ಒಯ್ದವರಲ್ಲಿ ಒಂದಿಬ್ಬರು ನಿಮ್ಮ ನಾಯಿ ಸಂಜೆಯಾದರೆ ಹೆದರುತ್ತೆ ಅಂದದ್ದೂ, ನಿಮಗೆ ಪ್ರೀತಿ ಮಾಡಕ್ಕೆ ಬರಲ್ಲ ಅಂತ ತಾನು ದಬಾಯಿಸಿದ್ದೂ ನೆನಪಿಗೆ ಬಂತು. ಅದರ ಹಿಂದೆಯೇ ಇನ್ನೊಂದು ನೆನಪು ಬಂತು. ಅದು ನಾಯಿಯದಲ್ಲ. ಸಂಜೆ ಕೆಲಸ ಮುಗಿಸಿ ಬರುವಾಗ ಬೀದಿದೀಪ ಇರುವ ರಸ್ತೆಯಲ್ಲೂ ಫೋನಿನ ಟಾರ್ಚ್ ಹಾಕಿಕೊಂಡು, ಕಾಂಪೌಂಡ್ ಗೋಡೆ ಸವರಿಕೊಂಡು ನಡೆದು ಬರುವ ಆಶಾರಾಣಿಯದು.

"ಸಾರ್, ಇದು ಮನುಷ್ರಿಗೂ ಬರುತ್ತಾ?"

"ಇದೇ ಬರಲ್ಲ. ಇದರಂಥದ್ದು ಬರುತ್ತೆ. ಹಿಂಗೇ ನಾಳ ಬತ್ತುತ್ತೆ, ಹಿಂಗೇ ಇರುಳುಗಣ್ಣಿಂದ ಶುರುವಾಗುತ್ತೆ. ಯಾಕೆ?"

"ಸುಮ್ನೆ ಕೇಳ್ದೆ" ಎಂದು ದೇವರಾಜ್ ಮಲ್ಲಿಯನ್ನು ಎತ್ತಿಕೊಂಡ.

ಮನೆಗೆ ಬಂದಾಗ ಮಹಾಲಕ್ಷ್ಮಿ ಭಾನುವಾರಕ್ಕೆಂದು ಒಬ್ಬಟ್ಟಿನ ಬೇಳೆ ಆರಿಸುತ್ತ ಕೂತಿದ್ದಳು. ನಾಯಿಗೆ ವಯಸ್ಸಾಯಿತಂತೆ ಎಂದು ಸುಳ್ಳು ಹೇಳಿದ. ಅವನ ತಲೆಯೊಳಗೆ ವರ್ಷಗಳಷ್ಟು ಹಳೆಯ ತಮಾಷೆಗಳೆಲ್ಲ ಸಾಲಾಗಿ ಬಂದು ನಿಂತಿದ್ದವು. ಚಿಕ್ಕಂದಿನಲ್ಲಿ ಆಶಾ ಸಂಜೆ ಕುಂಟೆಬಿಲ್ಲೆ ಆಡಲು ಹೋಗುತ್ತಿರಲಿಲ್ಲ. ಹೊತ್ತು ಇಳಿಯಿತೆಂದರೆ ಒಳಗೆ ಬಂದು ಟ್ಯೂಬ್‌ಲೈಟ್ ಕೆಳಗೆ ಕೂರುವಳು. ನಮ್ಮನೆ ಕೋಳಿ ಗೂಡು ಸೇರಿತು ಎಂದು ನಗುತ್ತಿದ್ದವನು ಅವನೇ. ಎಡವಿದರೆ ನೆಲ ನೋಡಿ ನಡಿಯೇ ಎಂದು ಬೈಯುತ್ತಿದ್ದವನೂ ಅವನೇ. ಕಣ್ಣಿಗೆ ಒಳ್ಳೆಯದೆಂದು ಮಹಾಲಕ್ಷ್ಮಿ ನುಗ್ಗೆಸೊಪ್ಪಿನ ಪಲ್ಯ ಮಾಡಿ ಮಾಡಿ ತಿನ್ನಿಸಿದ್ದಳು. ಈಗ ಆಶಾ ಹತ್ತಿರದ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದಳು. ಸೆಕೆಂಡ್ ಶಿಫ್ಟಿಗೆ ಬಂದರೆ ಬಡ್ತಿ ಕೊಡುತ್ತೇವೆ ಅಂದಾಗ ಒಲ್ಲೆ ಅಂದಿದ್ದಳು. ಹೆಣ್ಣುಮಗಳು, ರಾತ್ರಿ ಬರೋದು ಬೇಡ ಅಂತ ಅವನೂ ಸೈ ಅಂದಿದ್ದ.

ಅನುಮಾನ ಒಂದು ಸಲ ಹೊಕ್ಕರೆ ಊಟ ಸೇರುವುದಿಲ್ಲ. ಕೇಳಿಬಿಡೋಣವೆಂದರೆ ಏನಂತ ಕೇಳುವುದು? ನಿನ್ನ ಕಣ್ಣು ನಮ್ಮ ನಾಯಿ ಕಣ್ಣಿನ ಹಾಗಿದೆಯಾ ಅಂತಲೇ? ಎರಡು ದಿನ ಒದ್ದಾಡಿ, ಕೊನೆಗೆ ಅವನು ಯಾವ ಅಪ್ಪನೂ ಮಾಡಬಾರದ ಕೆಲಸಕ್ಕೆ ಕೈ ಹಾಕಿದ.

ಶುಕ್ರವಾರ ಸಂಜೆ ಅವನು ಮಗಳಿಗಿಂತ ಮೊದಲು ಮನೆಗೆ ಬಂದ. ಮನೆಯ ಪಕ್ಕದಲ್ಲಿ ಹಿತ್ತಲಿಗೆ ಹೋಗುವ ಒಂದು ಓಣಿ. ಅಲ್ಲಿನ ಬಲ್ಬಿನ ಸ್ವಿಚ್ ಆರಿಸಿದ. ಓಣಿಯ ನಡುವೆ ಪ್ಲಾಸ್ಟಿಕ್ ಸ್ಟೂಲು, ಅದರಾಚೆ ಒಂದು ಖಾಲಿ ಬಕೆಟ್ಟು ಇಟ್ಟ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ನಿಂತಲ್ಲಿಂದ ಅವನಿಗೆ ಸ್ಟೂಲು ಕಾಣುತ್ತಿತ್ತು, ಬಕೆಟ್ಟಿನ ನೀಲಿ ಬಣ್ಣವೂ ಕಾಣುತ್ತಿತ್ತು. ಆಶಾ ಸ್ಟೂಲು ದಾಟಿಕೊಂಡು ಬಂದರೆ ಮಾರಮ್ಮನಿಗೆ ಹೂವಿನ ಸೀರೆ ಉಡಿಸುತ್ತೇನೆ ಎಂದು ಹರಕೆ ಹೊತ್ತ.

ಆಶಾ ಟಾರ್ಚ್ ಹಾಕಿಕೊಂಡೇ ಗೇಟು ತೆಗೆದಳು.

"ನಿನ್ನ ಫೋನ್ ಕೊಡವ್ವ ಒಂದ್ನಿಮಿಷ, ನಂದ್ರಲ್ಲಿ ಚಾರ್ಜ್ ಇಲ್ಲ" ಎಂದ ದೇವರಾಜ್. ಅವಳು ಕೊಟ್ಟಳು. ಅವನು ಟಾರ್ಚ್ ಆರಿಸಿ ಫೋನು ಜೇಬಿಗೆ ಹಾಕಿಕೊಂಡ. "ಹಿತ್ತಲಲ್ಲಿ ಮಲ್ಲಿ ಕಟ್ಟಿದೀನಿ, ಬಿಚ್ಕೊಂಡು ಬಾ ಹೋಗು."

ಅವಳು ಓಣಿಯ ಬಾಯಲ್ಲಿ ನಿಂತಳು. ಸ್ವಿಚ್ ಹುಡುಕಲು ಕೈ ಎತ್ತಿದಳು.

"ಲೈಟ್ ಹೋಗಿದೆ. ಇನ್ನೂ ಬೆಳಕಿದ್ಯಲ್ಲ, ಹೋಗು."

ಆಶಾ ಎಡಗೈ ಗೋಡೆಗೆ ಆನಿಸಿ, ಒಂದೊಂದೇ ಹೆಜ್ಜೆ ಇಟ್ಟಳು. ಅವಳ ಮುಖ ನೇರ ಸ್ಟೂಲಿನ ಕಡೆಗೇ ಇತ್ತು. ಅವಳ ಮೊಣಕಾಲು ಸ್ಟೂಲಿಗೆ ಬಡಿಯಿತು. ಮುಗ್ಗರಿಸಿದವಳು ಸಾವರಿಸಿಕೊಂಡು, ಅದನ್ನು ಪಕ್ಕಕ್ಕೆ ಸರಿಸಿ, ಮುಂದೆ ಕಾಲಿಟ್ಟು ಬಕೆಟ್ಟಿನ ಮೇಲೆ ಬಿದ್ದಳು. ಅಂಗೈ ಕಲ್ಲಿಗೆ ತರಚಿ ಹೋಯಿತು.

ಸದ್ದಿಗೆ ಮಹಾಲಕ್ಷ್ಮಿ ಓಡಿ ಬಂದು ಸ್ವಿಚ್ ಒತ್ತಿದಳು. ಬಲ್ಬು ಹತ್ತಿಕೊಂಡಿತು. ನೆಲದ ಮೇಲೆ ಕೂತಿದ್ದ ಆಶಾ ಮೊದಲು ಉರಿಯುತ್ತಿದ್ದ ಬಲ್ಬನ್ನು, ಆಮೇಲೆ ಸ್ಟೂಲನ್ನು, ಆಮೇಲೆ ಅಪ್ಪನನ್ನು ನೋಡಿದಳು.

"ಅಪ್ಪ, ನೀನೇ ಇಟ್ಯಾ ಇದನ್ನ?"

ದೇವರಾಜ್ ಕುಕ್ಕರಗಾಲಲ್ಲಿ ಕೂತು ಅವಳ ಕೈ ಹಿಡಿದುಕೊಂಡ. "ನಿಂಗೆ ಸ್ಟೂಲು ಕಾಣ್ಲಿಲ್ವೇನವ್ವ?"

"ಅಷ್ಟ್ ಕತ್ಲಲ್ಲಿ ಯಾರಿಗೆ ಕಾಣುತ್ತೆ?" ಎಂದಳು ಆಶಾ. ಅಪ್ಪನ ಮುಖ ನೋಡಿ ಅವಳ ದನಿ ಸಣ್ಣದಾಯಿತು. "ಎಲ್ರಿಗೂ ಹಂಗೇ ಅಲ್ವಾ? ನಿಮಗೆ ಕಾಣುತ್ತಾ?"

ಮಹಾಲಕ್ಷ್ಮಿಗೆ ಮಗಳ ಮಾತು ಕಿವಿಗೆ ಬೀಳಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಸ್ಟೂಲು, ಬಕೆಟ್ಟು, ಗಂಡನ ಜೇಬಿನಲ್ಲಿದ್ದ ಮಗಳ ಫೋನು. "ನಿನಗೇನ್ ಬಂದಿತ್ತು ಮಾವ? ಮದುವೆ ಆಗೋ ಹುಡುಗಿ. ಹಲ್ಲು ಮುರಿದಿದ್ರೆ?" ಎಂದು ಕೂಗಾಡಿದಳು. ದೇವರಾಜ್ ಆಗ ಮಲ್ಲಿಯ ವಿಷಯ ಹೇಳಿದ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ, ಒಂದನ್ನು ಬಿಟ್ಟು. ಎರಡೂ ಕಡೆಯಿಂದ ಬರಬೇಕು ಎಂಬ ಮಾತನ್ನು ನುಂಗಿಕೊಂಡ. ಹೆಂಡತಿಯ ಮುಖ ನೋಡಿಕೊಂಡು ಅದನ್ನು ಹೇಳಲು ಅವನಿಂದಾಗಲಿಲ್ಲ.

ಮರುದಿನ ಮೂವರೂ ಕಣ್ಣಿನ ಆಸ್ಪತ್ರೆಗೆ ಹೋದರು. ಮಗಳ ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಅದೇ ಹನಿ, ಅದೇ ಕಾಯುವಿಕೆ. ಎಲ್ಲ ಫೋಟೊ ತೆಗೆದು ಮುಗಿದ ಮೇಲೆ ಡಾಕ್ಟರಮ್ಮ ಅವರನ್ನು ಒಳಗೆ ಕರೆದು ಸ್ಕ್ರೀನು ತಿರುಗಿಸಿದರು. ಮಹಾಲಕ್ಷ್ಮಿ ಡಾಕ್ಟರ ಬಾಯಿ ನೋಡುತ್ತ ಕೂತಳು. ದೇವರಾಜ್ ಸ್ಕ್ರೀನ್ ನೋಡಿದ. ಬಣ್ಣ ಬೇರೆ, ಹಸಿರಿಲ್ಲ, ಅಂಚಿನಲ್ಲಿ ಮಸಿ ಸಿಡಿದಂಥ ಕಪ್ಪು ಚುಕ್ಕೆಗಳಿದ್ದವು. ಆದರೆ ನಡುವಿನ ಬಿಂದು ಬಿಳಿಚಿತ್ತು, ಅಲ್ಲಿಂದ ಹೊರಟ ಕೆಂಪು ನಾಳಗಳು ಕೂದಲೆಳೆಯಾಗಿದ್ದವು. ಡಾಕ್ಟರು ಬಾಯಿ ತೆರೆಯುವ ಮೊದಲೇ ಅವನಿಗೆ ಗೊತ್ತಾಗಿ ಹೋಯಿತು. ಪ್ರಪಂಚದಲ್ಲಿ ಗೊತ್ತಿರಬಾರದ ವಿದ್ಯೆ ಅಂತ ಒಂದಿದ್ದರೆ ಅದು ಅವನ ಪಾಲಿಗೆ ಇದೇ ಆಗಿತ್ತು.

ಡಾಕ್ಟರಮ್ಮ ಒಳ್ಳೆಯವರು, ಒಂದನ್ನೂ ಮುಚ್ಚಿಡಲಿಲ್ಲ, ಹೆದರಿಸಲೂ ಇಲ್ಲ. ನಡುವಿನ ನೋಟ ಬಹಳ ವರ್ಷ ಉಳಿಯಬಹುದು, ಪಕ್ಕದ ನೋಟ ನಿಧಾನಕ್ಕೆ ಮುಚ್ಚಿಕೊಂಡು ಬರುತ್ತದೆ, ಕೆಲಸ ಮಾಡಬಹುದು, ಓದಬಹುದು, ಸಂಜೆ ಮೇಲೆ ಗಾಡಿ ಓಡಿಸಬಾರದು ಎಂದರು. ಆಮೇಲೆ, ಮನೆಯಲ್ಲಿ ಹತ್ತಿರದ ಸಂಬಂಧದಲ್ಲಿ ಮದುವೆ ಉಂಟೇ ಎಂದು ಕೇಳಿದರು.

ಆಶಾ, "ಅಮ್ಮ ಅಪ್ಪಂಗೆ ಅಕ್ಕನ ಮಗಳು ಮೇಡಂ. ನನಗೆ ಗೊತ್ತು ಮಾಡಿರೋದು ಅಮ್ಮನ ತಮ್ಮನ್ನ" ಅಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಪ್ಪನಲ್ಲೂ ಅಮ್ಮನಲ್ಲೂ ಇದು ಒಳಗೇ ಇರಬೇಕು, ಎರಡೂ ಕೂಡಿ ಮಗಳಿಗೆ ಬಂದಿದೆ, ಅಮ್ಮನ ಒಡಹುಟ್ಟಿದವನಲ್ಲೂ ಇರುವ ಸಂಭವ ಹೆಚ್ಚು ಎಂದರು. ಆ ಹುಡುಗನಲ್ಲಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಣ್ಯ ಚಿಮ್ಮಿದ ಹಾಗೆ, ಬಂದರೂ ಬಂತು, ಇಲ್ಲದಿದ್ದರೆ ಇಲ್ಲ. ಹುಡುಗನ ರಕ್ತ ಪರೀಕ್ಷೆ ಮಾಡಿಸದೆ ಈ ಮದುವೆಗೆ ಕೈ ಹಾಕಬೇಡಿ ಎಂದರು. ಆ ಮಾತು ಕೇಳುವಾಗ ಮಹಾಲಕ್ಷ್ಮಿ ಗಂಡನ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ಆಟೋದಲ್ಲಿ ಅವಳು ಮಗಳ ಕಟ್ಟು ಹಾಕಿದ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಮನೆಯಲ್ಲಿ ಆಶಾ ಅಪ್ಪನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಹೇಳಿದಳು: "ಅಂಬರೀಶ್ ಮಾವ ಒಳ್ಳೆಯವ್ರು, ನನಗೇನೂ ಬೇಜಾರಿಲ್ಲ. ಆದ್ರೆ ಗೊತ್ತಿದ್ದೂ ಗೊತ್ತಿದ್ದೂ ಇದನ್ನ ಒಂದ್ ಮಗುಗೆ ಕೊಡಕ್ಕೆ ನನ್ ಕೈಲಾಗಲ್ಲ. ನಾಳೆ ಅಜ್ಜಿಗೆ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಹುಡುಗಿ ನಖರಾ ಮಾಡ್ತಾಳೆ ಅಂತಾರೆ. ಅಮ್ಮ ಹೇಳಿದ್ರೆ ಹೆತ್ತವಳ ಮೇಲೆ ತಿರುಗಿಬಿದ್ಲು ಅಂತಾರೆ. ನೀನ್ ಹೇಳಿದ್ರೆ ಮಾತ್ರ ಕೇಳಿಸ್ಕೋತಾರೆ."

ಹೇಳುತ್ತೇನೆ ಎಂದ ದೇವರಾಜ್. ಹೇಳುವುದು ಅಷ್ಟು ಸಲೀಸಾಗಿರಲಿಲ್ಲ. ಮುನಿಯಕ್ಕ ಬರೀ ಅಕ್ಕ ಅಲ್ಲ. ಅವರ ಅವ್ವ ಸತ್ತಾಗ ಕೂಸಾಗಿದ್ದ ದೇವರಾಜನನ್ನು ಸೊಂಟದ ಮೇಲೆ ಹೊತ್ತು, ರಾಗಿ ಅಂಬಲಿ ಕುಡಿಸಿ ಸಾಕಿದವಳು. ಮದುವೆಯಾಗಿ ದೊಡ್ಡನೆಕ್ಕುಂದಿಗೆ ಹೋದ ಮೇಲೂ ತಮ್ಮ ಒಂಟಿಯಾಗಬಾರದೆಂದು ತನ್ನ ಮಗಳನ್ನೇ ಕೊಟ್ಟವಳು. ಅವಳ ಮುಂದೆ ಅವನು ಜೀವಮಾನದಲ್ಲಿ ಒಂದು ಸಲವೂ ಇಲ್ಲ ಅಂದಿರಲಿಲ್ಲ.

ಭಾನುವಾರ ಮುನಿಯಕ್ಕ ಮಗನ ಜೊತೆ ಬಂದಿಳಿದಳು. ಅಂಬರೀಶ್ ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಲ್ಲಿ ಕರೆಂಟಿನ ಕೆಲಸ ನೋಡಿಕೊಳ್ಳುವ ಮಿತಭಾಷಿ. ಹೊಸ ಅಂಗಿಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಮುನಿಯಕ್ಕ ಚಾಪೆಯ ಮೇಲೆ ತಟ್ಟೆ ಇಟ್ಟಳು. ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಮೊಳ ಮೊಳ ಮಲ್ಲಿಗೆ, ಎಲೆಹಸಿರು ಬಣ್ಣದ ರೇಷ್ಮೆ ಸೀರೆ. "ಮಗೀನ ಕರೀರಿ, ಅಣೆಗೆ ಕುಂಕುಮ ಇಡ್ತೀನಿ" ಅಂದಳು.

"ಊಟ ಆಗ್ಲಿ ಅಕ್ಕ" ಎಂದ ದೇವರಾಜ್.

"ಸಾಸ್ತ್ರ ಮುಗೀದೆ ಊಟ ಎಂಗ್ಲಾ ಮಾಡೋದು?"

"ಇವತ್ ದಿನ ಚೆನ್ನಾಗಿಲ್ಲ ಅಂತಿದ್ರು ಅಯ್ನೋರು."

"ನಾನು ಕೇಳ್ಕಂಡೇ ಬಂದಿವ್ನಿ."

ಅವನು ಹಣೆ ಒರೆಸಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಮಹಾಲಕ್ಷ್ಮಿ ನಿಂತಿದ್ದಳು. ಕೋಣೆಯ ಬಾಗಿಲ ಸಂದಿಯಲ್ಲಿ ಆಶಾ ಇದ್ದಾಳೆಂದು ಅವನಿಗೆ ಗೊತ್ತಿತ್ತು. ಇನ್ನು ನುಣುಚಿಕೊಳ್ಳಲು ದಾರಿ ಇರಲಿಲ್ಲ. ನೆಲ ನೋಡಿಕೊಂಡೇ ಎಲ್ಲ ಹೇಳಿದ. ಮಲ್ಲಿಯ ಡಾಕ್ಟರು, ಆಶಾಳ ಕಣ್ಣು, ಆಸ್ಪತ್ರೆ, ಸ್ಕ್ರೀನು, ಕಡೆಯಲ್ಲಿ ಅಂಬರೀಶನ ರಕ್ತ ಪರೀಕ್ಷೆ.

ಮುನಿಯಕ್ಕ ಪೂರ್ತಿ ಕೇಳಿದಳು. ಮೊಮ್ಮಗಳ ಕಣ್ಣು ಹೋಗುತ್ತದೆ ಎಂಬಲ್ಲಿ ಅವಳ ತುಟಿ ನಡುಗಿತು. "ಅಯ್ಯೋ ನನ್ ಕಂದ. ಅದುಕ್ಕೇನಂತೆ, ನನ್ ಮನೇಲಿ ಇರ್ತಾಳೆ. ಒರಗಿನವ್ರಾದ್ರೆ ಬಿಟ್ಬಿಡ್ತಾರೆ, ನಾವ್ ಬಿಡ್ತೀವಾ? ಅದುಕ್ಕೇ ಅಲ್ವಾ ಸಂಬಂದದಾಗೆ ಕೊಡೋದು?" ಅಂದಳು. ರಕ್ತ ಪರೀಕ್ಷೆಯ ಮಾತಿಗೆ ಬಂದಾಗ ಅವಳ ಮುಖ ಬಿಗಿಯಿತು. "ನನ್ ಮಗನ ರಕ್ತದಾಗೆ ಐಬು ಅಂತೀಯೇನ್ಲಾ? ನನ್ ಕರುಳ ರಕ್ತ ಪರೀಕ್ಸೆ ಮಾಡ್ಸಕ್ಕೆ ನೀನ್ಯಾವನು?"

"ಐಬು ಅಂತಲ್ಲ ಅಕ್ಕ, ಡಾಕ್ಟ್ರು..."

"ನಾಯಿ ಡಾಕ್ಟ್ರು ಮಾತ್ಕೇಳಿ ನನ್ ಮನೆ ಒಡೀತೀಯಾ? ಇವತ್ತು ರಕ್ತ ನೋಡೋನು, ನನ್ ಮಗಳ ಕೊಟ್ಟಾಗ ಯಾವ ರಕ್ತ ನೋಡ್ದೆ? ಬಾಯ್ಬಿಟ್ಟು ಏಳು. ಆವಾಗ ಇಲ್ದಿದ್ದು ಈವಾಗ ಎಲ್ಲಿಂದ ಬಂತು?"

ಅಂಬರೀಶ್, "ಅವ್ವ, ಮಾಡಿಸ್ಕೊಂಡ್ರಾಯ್ತು ಬಿಡು" ಎಂದು ಮೆಲ್ಲಗೆ ಅಂದ. ಬಾಯಿ ಮುಚ್ಚು ಎಂದು ಅವನನ್ನು ಗದರಿಸಿದ ಮುನಿಯಕ್ಕ ತಮ್ಮನ ಮೇಲಿನ ಕಣ್ಣು ತೆಗೆಯಲಿಲ್ಲ.

ದೇವರಾಜನಿಗೆ ಉತ್ತರ ಗೊತ್ತಿತ್ತು. ಆವಾಗಲೂ ಇತ್ತು, ಆವಾಗಲೇ ಕೂಡಿದ್ದು. ಆದರೆ ಆ ಮಾತು ಆಡಬೇಕಾದರೆ ಬಾಗಿಲಲ್ಲಿ ನಿಂತಿರುವ ಹೆಂಗಸಿನ ಮುಂದೆ, ನಿನ್ನನ್ನು ಕಟ್ಟಿಕೊಳ್ಳಬಾರದಿತ್ತು ಅಂದ ಹಾಗಾಗುತ್ತದೆ. ಹದಿಹರೆಯದಲ್ಲಿ ಲಂಗದಾವಣಿ ಉಟ್ಟು ಮಾವ ಮಾವ ಎಂದು ಹಿಂದೆ ಮುಂದೆ ತಿರುಗಿದವಳು. ಅವನ ಎಣ್ಣೆ ಮೆತ್ತಿದ ಬಟ್ಟೆ ಒಗೆದು ಕೈ ಒಡೆದುಕೊಂಡವಳು. ಅವಳ ಜೊತೆಗಿನ ಬಾಳಿನಲ್ಲಿ ಅವನಿಗೆ ಒಂದು ದಿನವೂ ಬೇಸರ ಅನ್ನಿಸಿರಲಿಲ್ಲ. ಅಂಥವಳನ್ನು ಎಲ್ಲರೆದುರು ಹೇಗೆ ತಪ್ಪು ಅನ್ನುವುದು? ಅವನು ತಲೆ ತಗ್ಗಿಸಿ 'ಏನೋ ಅಕ್ಕ' ಎನ್ನುವುದರಲ್ಲಿದ್ದ. ಅವನು ಸೋಲುವುದನ್ನು ಕಂಡ ಮುನಿಯಕ್ಕ ತಟ್ಟೆ ಎತ್ತಿ, "ಇಡಿ, ಗಂಡ ಎಂಡ್ತಿ ಇಬ್ರೂ ಕೈ ಇಡಿ" ಎಂದು ಮುಂದೆ ಚಾಚಿದಳು.

"ಮಾವ" ಎಂದಳು ಮಹಾಲಕ್ಷ್ಮಿ.

ದನಿ ಗಟ್ಟಿಯಾಗಿರಲಿಲ್ಲ, ಆದರೂ ಎಲ್ಲರೂ ತಿರುಗಿದರು. ಅವಳ ಕಣ್ಣು ಒದ್ದೆಯಾಗಿತ್ತು. "ನೀನು ಯಾಕ್ ಹೇಳ್ತಿಲ್ಲ ಅಂತ ನನಗೆ ಗೊತ್ತು. ನನಗೆ ನೋವಾಗುತ್ತೆ ಅಂತ. ಆಗ್ಲಿ ಬಿಡು. ಅವ್ವ ಕೇಳ್ತಾ ಇದ್ದಾಳಲ್ಲ, ನನ್ನ ಕಟ್ಕೊಂಡಿದ್ದು ತಪ್ಪಾಯ್ತು ಅಂತ ಹೇಳು. ಹೇಳಿ ಆಶಾನ ಉಳಿಸು."

ದೇವರಾಜ್ ಹೆಂಡತಿಯ ಮುಖವನ್ನು ನೋಡಿದ. ಅವಳು ಮುಖ ತಿರುಗಿಸಲಿಲ್ಲ, ಕಾಯುತ್ತ ನಿಂತಳು. ಅವನು ಅಕ್ಕನ ಕಡೆ ತಿರುಗಿ, ಒಂದೊಂದೇ ಮಾತು ಕಿತ್ತು ಹೊರಗಿಡುವವನಂತೆ ಹೇಳಿದ.

"ಅಕ್ಕ, ನಾನು ಲಕ್ಷ್ಮಿನ ಮದುವೆ ಆಗ್ಬಾರ್ದಿತ್ತು. ನೀನು ಕೊಡ್ಬಾರ್ದಿತ್ತು, ನಾನು ಮಾಡ್ಕೋಬಾರ್ದಿತ್ತು. ನಮ್ಮಿಬ್ರಿಂದ ಮಗೂಗೆ ಹಿಂಗಾಗಿದೆ. ಇನ್ನೊಂದ್ ಸಲ ಆಗೋದು ಬೇಡ."

ಮುನಿಯಕ್ಕ ಮಗಳನ್ನು ನೋಡಿದಳು, ತಮ್ಮನನ್ನು ನೋಡಿದಳು. ಚಾಚಿದ ಕೈಯಲ್ಲಿ ತಟ್ಟೆ ಅಲುಗಿ ತೆಂಗಿನಕಾಯಿ ಉರುಳಿತು. ಮಹಾಲಕ್ಷ್ಮಿ ಬಂದು ಅದನ್ನು ಎತ್ತಿ ತಟ್ಟೆಯಲ್ಲಿಟ್ಟು, ತಾಯಿಯ ಎರಡೂ ಕೈ ಹಿಡಿದು ತಟ್ಟೆಯನ್ನು ಅವಳ ಮಡಿಲಿಗೇ ಇಳಿಸಿದಳು. ಆಮೇಲೆ ಗಂಡನ ಪಕ್ಕದಲ್ಲಿ, ಯಾವತ್ತೂ ಕೂರುವಷ್ಟೇ ಹತ್ತಿರ, ಚಾಪೆಯ ಮೇಲೆ ಕೂತುಕೊಂಡಳು.